ಪಾತ್ರೆ ತೊಳೆಯುವ ಹೊತ್ತಿನ ಆರಾಧನೆ

ಭಾನುವಾರ ಚರ್ಚಿನ ಪ್ರಸಂಗದಲ್ಲಿ (ಬೋಧನೆಯಲ್ಲಿ) ಕೇಳಿದ ಬೈಬಲಿನ ಒಂದು ವಚನವನ್ನು ಚೀಟಿಯಲ್ಲಿ ಬರೆದು ಸಿಂಕಿನ ಮೇಲಿನ ಗೋಡೆಗೆ ಅಂಟಿಸಿ, ವಾರವಿಡೀ ಪಾತ್ರೆ ತೊಳೆಯುವಾಗ ಅದನ್ನೇ ಮೆಲ್ಲನೆ ಹೇಳಿಕೊಳ್ಳಿರಿ. ನಮ್ಮ ದೇಹಗಳನ್ನೇ ಸಜೀವ ಯಜ್ಞವಾಗಿ ಅರ್ಪಿಸುವುದು ಆರಾಧನೆಯೆಂದು ಯೇಸುವಿನ ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ (12:1) ಹೇಳಿರುವುದರಿಂದ, ಕೈಗಳ ದುಡಿಮೆಯೂ ಅದಕ್ಕೆ ಸೇರಿದ್ದೇ. ಕೈ ತಾನಾಗಿ ನಡೆಯುವ ಕೆಲಸದಲ್ಲಿ ಮನಸ್ಸಿಗೆ ಬಿಡುವೂ ಇರುತ್ತದೆ. ಆರಂಭಕ್ಕೆ, ದೇವರ ಉಪಕಾರಗಳನ್ನು ಮರೆಯಬೇಡವೆನ್ನುವ ಕೀರ್ತನೆ 103:2 ಬಹಳ ಒಳ್ಳೆಯದು: ತಳ ಹಿಡಿದ ಅನ್ನದ ಪಾತ್ರೆಯನ್ನು ಉಜ್ಜುವಾಗ, ಮನೆಮಂದಿಯೆಲ್ಲ ಉಂಡೆವೆಂಬ ಕೃತಜ್ಞತೆ ತಾನಾಗಿಯೇ ಮೂಡುತ್ತದೆ. ಲೆಕ್ಕಪತ್ರ, ವಾಹನ ಚಾಲನೆಯಂಥ ಪೂರ್ಣ ಗಮನ ಬೇಡುವ ಕೆಲಸಗಳಿಗೆ ಇದು ಹೊಂದುವುದಿಲ್ಲ. ಸಭೆಯೊಂದಿಗೆ ಕೂಡಿ ಮಾಡುವ ಆರಾಧನೆಗೆ ಬದಲಿಯೂ ಅಲ್ಲ. ವಚನವು ಬಾಯಿಪಾಠವಾಗಿ ಅರ್ಥ ಮನಸ್ಸಿಗೆ ತಾಗದಿದ್ದರೆ, ವಾರ ಮುಗಿಯುವ ಮೊದಲೇ ಚೀಟಿ ಬದಲಿಸಿರಿ.