ಧೂಳು ಎಳೆಯುವ ಮೆಷಿನ್‌ಗೆ ಅಳತೆ ಹೊಂದದ ಪೈಪ್ ಜೋಡಿಸುವುದು ಹೇಗೆ

ಡಸ್ಟ್ ಕಲೆಕ್ಟರ್ ಮೇಲೆ 4 ಇಂಚು ಅಂತ ಬರೆದಿರುತ್ತದೆ, ಪೈಪ್ ಮೇಲೂ 4 ಇಂಚು ಅಂತಲೇ ಇರುತ್ತದೆ, ತಂದು ಜೋಡಿಸೋಣ ಅಂದರೆ ಒಂದರೊಳಗೆ ಒಂದು ಕೂರುವುದೇ ಇಲ್ಲ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಮೆಷಿನ್ ಮೂತಿಯ ಹೊರ ಅಳತೆ (ವ್ಯಾಸ) ಸಾಮಾನ್ಯವಾಗಿ 100 ಮಿ.ಮೀ. ಆಸುಪಾಸು ಇರುತ್ತದೆ. ನೀರು ಹೋಗುವ ಮಿ.ಮೀ. ಲೆಕ್ಕದ ಪಿವಿಸಿ ಪೈಪ್ 110, ಇಂಚಿನ ಲೆಕ್ಕದ ದಪ್ಪ ಪೈಪ್ (ಶೆಡ್ಯೂಲ್ 40) 114.3. ಅದೇ 4 ಇಂಚಿನ ತೆಳು ಡ್ರೈನ್ ಪೈಪ್ ಸುಮಾರು 107. ಎಲ್ಲದರ ಹೆಸರೂ ಒಂದೇ, ಅಳತೆ ಮಾತ್ರ ಬೇರೆ ಬೇರೆ.

ಅದಕ್ಕೇ ಹೆಸರು ನಂಬಬೇಡಿ, ಕ್ಯಾಲಿಪರ್ ಹಿಡಿದು ಅಳೆಯಿರಿ. ಎರಡೂ ತುದಿಗಳ ಒಳ ಅಳತೆ, ಹೊರ ಅಳತೆ ಬರೆದಿಟ್ಟುಕೊಳ್ಳಿ. ಪೈಪ್ ಪೂರ್ತಿ ದುಂಡಗೆ ಇರುವುದಿಲ್ಲ, ಹಾಗಾಗಿ ಎರಡು ಕಡೆ ಅಳೆದು ಸರಾಸರಿ ತೆಗೆದುಕೊಳ್ಳಿ. ಕ್ಯಾಲಿಪರ್ ಇಲ್ಲದಿದ್ದರೆ ಒಂದು ಕಾಗದದ ಪಟ್ಟಿಯನ್ನು ಸುತ್ತಿ, ಬಂದ ಉದ್ದವನ್ನು 3.14ರಿಂದ ಭಾಗಿಸಿದರೆ ಹೊರ ಅಳತೆ ಸಿಗುತ್ತದೆ.

ಇನ್ನೊಂದು ಮಾತು. ಪಿವಿಸಿ ಸಲ್ಯೂಷನ್ ಹಾಕಬೇಡಿ. ಇಲ್ಲಿ ನೀರಿನ ಒತ್ತಡ ಇಲ್ಲ, ಗಾಳಿ ಒಳಕ್ಕೆ ಎಳೆಯುತ್ತಿರುತ್ತದೆ, ಅಷ್ಟೇ. ಅಂಟಿಸಿಬಿಟ್ಟರೆ ನಾಳೆ ಪೈಪ್ ಕಟ್ಟಿಕೊಂಡಾಗ ಗರಗಸ ಹಾಕಿ ಕೊಯ್ಯಬೇಕಾಗುತ್ತದೆ.

ಸಂದು 1–2 ಮಿ.ಮೀ. ಮಾತ್ರ ಇದ್ದರೆ ಕೆಲಸ ಸುಲಭ. ಒಳಗೆ ಹೋಗುವ ತುದಿಗೆ ಟೇಪ್ ಸುತ್ತಿ ದಪ್ಪ ಮಾಡಿ, ಒತ್ತಿ ಸೇರಿಸಿ, ಹೊರಗಿನಿಂದ ಅಲ್ಯೂಮಿನಿಯಂ ಫಾಯಿಲ್ ಟೇಪ್ ಹಾಕಿ. ಬಟ್ಟೆಯ ಟೇಪ್‌ನ ಅಂಟು ಕಾಲ ಕಳೆದಂತೆ ಒಣಗಿ ಬಿಟ್ಟುಕೊಳ್ಳುತ್ತದೆ, ಫಾಯಿಲ್ ಟೇಪ್ ಜಾಸ್ತಿ ಬಾಳುತ್ತದೆ.

ಒಂದು ಪೈಪ್ ಇನ್ನೊಂದಕ್ಕಿಂತ ಸ್ವಲ್ಪ ಚಿಕ್ಕದಾಗಿದ್ದರೆ ಬಿಸಿ ಮಾಡಿ ಹಿಗ್ಗಿಸುವುದೇ ನನಗೆ ಇಷ್ಟದ ದಾರಿ. ಪಿವಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗಲು ಶುರುವಾಗುತ್ತದೆ. ಮೊದಲು ತುದಿಯಿಂದ 50 ಮಿ.ಮೀ. ದೂರಕ್ಕೆ ಗುರುತು ಹಾಕಿ. ಕೈಗೆ ದಪ್ಪ ಗ್ಲೌಸ್ ಇರಲಿ, ಬಾಗಿಲು ಕಿಟಕಿ ತೆರೆದಿರಲಿ. ಹೀಟ್ ಗನ್ ಒಂದೇ ಕಡೆ ನಿಲ್ಲಿಸದೆ, ಪೈಪ್ ತಿರುಗಿಸುತ್ತಾ, ಗುರುತಿನವರೆಗೂ ಸುತ್ತಲೂ ಒಂದೇ ಸಮನೆ ಬಿಸಿ ಕೊಡಿ. ಮೊದಲು ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ಆಮೇಲೆ ಮೇಲ್ಮೈ ಸ್ವಲ್ಪ ಹೊಳೆಯುತ್ತದೆ, ಬೆರಳಿಂದ ಒತ್ತಿದರೆ ದಪ್ಪ ರಬ್ಬರ್ ಹಾಗೆ ಒಳಕ್ಕೆ ಹೋಗಿ ಮೆಲ್ಲಗೆ ವಾಪಸ್ ಬರುತ್ತದೆ. ಅದೇ ಹದ. ತಡ ಮಾಡದೆ, ಯಾವುದರ ಮೇಲೆ ಕೂರಬೇಕೋ ಅದರ ಮೇಲೆ ನೇರವಾಗಿ ಒತ್ತಿ, ಒದ್ದೆ ಬಟ್ಟೆ ಸುತ್ತಿ, ಗಟ್ಟಿಯಾಗುವವರೆಗೆ ಕೈ ಬಿಡಬೇಡಿ. ಒಳಗೆ ಹೋಗುವ ಅಂಚನ್ನು ಮೊದಲೇ ಅರದಿಂದ ಉಜ್ಜಿ ಇಳಿಜಾರು ಮಾಡಿಟ್ಟುಕೊಂಡರೆ ಸಿಕ್ಕಿಕೊಳ್ಳುವುದಿಲ್ಲ.

ಮೆಷಿನ್ ಮೂತಿ ಪ್ಲಾಸ್ಟಿಕ್ ಆಗಿದ್ದರೆ ಅದರ ಮೇಲೆ ಬಿಸಿ ಪೈಪ್ ಒತ್ತಬೇಡಿ, ಅದೂ ಸೊಟ್ಟಗಾಗಬಹುದು. ಅದೇ ಅಳತೆಯ ಮರದ ತುಂಡೊಂದನ್ನು ಅಚ್ಚಾಗಿ ಮಾಡಿಕೊಳ್ಳಿ. ಮರದ ಕೆಲಸದವರಿಗೆ ಅದೇನು ಕಷ್ಟ ಅಲ್ವಾ? ಹಿಗ್ಗಿಸಿದ ಪೈಪ್‌ಗೆ ಮತ್ತೆ ಬಿಸಿ ತಾಗಿದರೆ ಹಳೆಯ ಆಕಾರಕ್ಕೆ ಮರಳಲು ನೋಡುತ್ತದೆ. ಅಳತೆ ತಪ್ಪಿದರೆ ಇದೇ ಅನುಕೂಲ, ಇನ್ನೊಮ್ಮೆ ಕಾಯಿಸಿ ಮೊದಲಿಂದ ಮಾಡಬಹುದು. ಆದರೆ ಕಂದು ಬಣ್ಣ ಬಂದು ಘಾಟು ಹೊಡೆದರೆ ತಕ್ಷಣ ನಿಲ್ಲಿಸಿ. ಸುಟ್ಟ ಪಿವಿಸಿಯಿಂದ ಬರುವ ಹೈಡ್ರೋಜನ್ ಕ್ಲೋರೈಡ್ ಕಣ್ಣಿಗೂ ಗಂಟಲಿಗೂ ಕೆಟ್ಟದ್ದು. ನಾನು ಮೊದಲ ಸಲ ಗನ್ ಒಂದೇ ಕಡೆ ಹಿಡಿದು ಹೀಗೆ ಮಾಡಿಕೊಂಡಿದ್ದೆ, ಸಂಜೆಯವರೆಗೂ ಗಂಟಲು ಉರಿಯುತ್ತಿತ್ತು.

ಪೈಪ್ ದೊಡ್ಡದಾಗಿ, ಹೋಗಬೇಕಾದ ಬಾಯಿ ಚಿಕ್ಕದಾಗಿದ್ದರೆ ಬರೀ ಬಿಸಿಯಿಂದ ಕುಗ್ಗಿಸಲು ಹೋಗಬೇಡಿ, ನೆರಿಗೆ ಬೀಳುತ್ತದೆ. ಸೀಳು ಹಾಕಬೇಕು. ಲೆಕ್ಕ ಹೀಗೆ: ಎಷ್ಟು ಅಳತೆ ಇಳಿಸಬೇಕೋ ಅದರ 3.14 ಪಟ್ಟು ಸುತ್ತಳತೆ ತೆಗೆಯಬೇಕು. 110ರ ಪೈಪ್ 107ರ ಬಾಯೊಳಗೆ ಹೋಗಬೇಕಾದರೆ ಇಳಿಸಬೇಕಾದದ್ದು 3, ತೆಗೆಯಬೇಕಾದದ್ದು ಸುಮಾರು 9.5 ಮಿ.ಮೀ. ಅದನ್ನು ಒಂದೇ ಕಡೆ ತೆಗೆಯದೆ ನಾಲ್ಕು ಕಡೆ ಹಂಚಿ, ಒಂದೊಂದನ್ನೂ ಬಾಯಲ್ಲಿ 2.5 ಮಿ.ಮೀ. ಅಗಲ, ಒಳಗೆ ಹೋಗುತ್ತಾ ಚೂಪು ಆಗುವಂತೆ 50 ಮಿ.ಮೀ. ಉದ್ದ ಕೊಯ್ಯಿರಿ. ಸ್ವಲ್ಪ ಬಿಸಿ ಮಾಡಿ, ಹೋಸ್ ಕ್ಲ್ಯಾಂಪ್ (ಸ್ಕ್ರೂ ತಿರುಗಿಸಿ ಬಿಗಿಯುವ ಲೋಹದ ಪಟ್ಟಿ) ಹಾಕಿ ಬಿಗಿದರೆ ಸೀಳುಗಳು ಮುಚ್ಚಿಕೊಳ್ಳುತ್ತವೆ. ತಣ್ಣಗಾದ ಮೇಲೆ ಕ್ಲ್ಯಾಂಪ್ ತೆಗೆದು, ಸೀಳಿನ ಮೇಲೆ ಟೇಪ್ ಅಂಟಿಸಿ. ಕೊಯ್ಯುವಾಗ ಮಾಸ್ಕ್ ಹಾಕಿಕೊಳ್ಳಿ.

ವ್ಯತ್ಯಾಸ ಇನ್ನೂ ಜಾಸ್ತಿ ಇದ್ದರೆ, ಅಥವಾ ಎರಡೂ ಬೇರೆ ಬೇರೆ ಪ್ಲಾಸ್ಟಿಕ್ ಆಗಿದ್ದರೆ, ರಬ್ಬರ್ ಒಳ್ಳೆಯದು. ಹಳೆಯ ಟೈರಿನ ಟ್ಯೂಬ್‌ನಿಂದ ಒಂದು ಗೇಣು ಕತ್ತರಿಸಿ, ಎರಡೂ ತುದಿಗಳ ಮೇಲೆ ಎಳೆದು ಕೂರಿಸಿ, ಆಚೆ ಈಚೆ ಕ್ಲ್ಯಾಂಪ್ ಬಿಗಿಯಿರಿ. ರಬ್ಬರ್ ಮೆತ್ತಗಿರುವುದರಿಂದ ಪೈಪ್ ತುದಿಗಳು ಒಳಗೆ ಒಂದಕ್ಕೊಂದು ತಾಗಿಯೇ ಇರಲಿ, ಇಲ್ಲದಿದ್ದರೆ ಗಾಳಿ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪಾಲಿಥೀನ್ ಪೈಪ್‌ಗೆ ಸಿಲಿಕೋನ್ (ಸಂದು ಮುಚ್ಚಲು ಬಳಿಯುವ ರಬ್ಬರಿನಂಥ ಅಂಟು) ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೆ ಇದೇ ಗತಿ.

ಯಾವ ದಾರಿ ಹಿಡಿದರೂ ದಿಕ್ಕು ಮರೆಯಬೇಡಿ. ಗಾಳಿ ಬರುವ ಕಡೆಯ ಪೈಪ್, ಗಾಳಿ ಹೋಗುವ ಕಡೆಯ ಪೈಪ್‌ನ ಒಳಗೆ ಹೋಗಬೇಕು. ಹೆಂಚು ಹೊದಿಸುವಾಗ ಮೇಲಿನದು ಕೆಳಗಿನದರ ಮೇಲೆ ಬರುತ್ತದಲ್ಲ, ಅದೇ ಲೆಕ್ಕ. ತಿರುಗಾಮುರುಗಾ ಹಾಕಿದರೆ ರಂದದಿಂದ ಬರುವ ಉದ್ದ ಚಕ್ಕೆ ಅಂಚಿಗೆ ಸಿಕ್ಕಿ, ಅದರ ಹಿಂದೆ ಇನ್ನೊಂದು, ಮತ್ತೊಂದು ಸೇರಿ ಒಂದು ದಿನ ಪೂರ್ತಿ ಮುಚ್ಚಿಕೊಳ್ಳುತ್ತದೆ. ಸ್ಕ್ರೂ ಹಾಕುವುದಾದರೂ ಚಿಕ್ಕದೇ ಹಾಕಿ. ಮೊನೆ ಒಳಗೆ ಚಾಚಿದ್ದರೆ ಅಲ್ಲೂ ಹೀಗೇ ಆಗುತ್ತದೆ.

ಜೋಡಿಸಲು ಸುಲಭ ಅಂತ ಸುಮ್ನೆ ಚಿಕ್ಕ ಪೈಪ್‌ಗೆ ಇಳಿಯಬೇಡಿ. 100 ಮಿ.ಮೀ. ಇದ್ದದ್ದು 75 ಆದರೆ ಗಾಳಿಗೆ ಉಳಿಯುವ ಜಾಗ 56% ಮಾತ್ರ.

ಎಲ್ಲ ಆದ ಮೇಲೆ ಮೆಷಿನ್ ಚಾಲೂ ಮಾಡಿ, ತೆಳು ಟಿಶ್ಯೂ ಪೇಪರ್‌ನ ಪಟ್ಟಿಯೊಂದನ್ನು ಪ್ರತಿ ಜಾಯಿಂಟ್ ಸುತ್ತ ಆಡಿಸಿ. ಸೋರುವ ಕಡೆ ಅದು ಪೈಪ್‌ಗೆ ಅಂಟಿಕೊಳ್ಳುತ್ತದೆ. ಹೊಗೆ ಚೆನ್ನಾಗಿ ಕಾಣುತ್ತದೆ ಅಂತ ಊದುಬತ್ತಿ ಹಿಡಿಯುವವರಿದ್ದಾರೆ, ದಯವಿಟ್ಟು ಬೇಡ. ಒಂದು ಕಿಡಿ ಒಳಗೆ ಹೋಗಿ ಮರದ ಪುಡಿಯ ಚೀಲದಲ್ಲಿ ಕೂತರೆ ಬೆಂಕಿ ಹತ್ತುತ್ತದೆ. ಸೋರುವ ಕಡೆ ಹೊರಗಿನಿಂದ ಸಿಲಿಕೋನ್ ಬಳಿದು ಒಣಗಲು ಬಿಡಿ, ಬೇಕಾದಾಗ ಬ್ಲೇಡಿನಿಂದ ಬಿಡಿಸಬಹುದು. ರಂದದ ಮೆಷಿನ್ ಹತ್ತಿರದ ಬೆಂಡ್‌ಗೆ ಮಾತ್ರ ಸಿಲಿಕೋನ್ ಬೇಡ, ಬರೀ ಕ್ಲ್ಯಾಂಪ್ ಸಾಕು. ಕಟ್ಟಿಕೊಳ್ಳುವ ಸಂಭವ ಜಾಸ್ತಿ ಇರುವುದು ಅಲ್ಲೇ.