ಚುಕ್ಕಿಯ ಮುಂದೆ ಒಂದೇ ಸ್ಪೇಸ್ ಸಾಕು

ಟೈಪಿಂಗ್ ಶಾಲೆಯಲ್ಲಿ ಇಂಗ್ಲಿಷ್ ಟೈಪಿಂಗ್ ಕಲಿತ ಹಳಬರ ಹೆಬ್ಬೆರಳನ್ನು ಗಮನಿಸಿ. ಪೂರ್ಣವಿರಾಮ ಬಿದ್ದ ಕೂಡಲೇ ಅದು ಸ್ಪೇಸ್ ಬಾರನ್ನು ಎರಡು ಸಲ ತಟ್ಟುತ್ತದೆ. ನನ್ನದೂ ಹಾಗೆಯೇ. ಟೈಪ್‌ರೈಟರಿನಲ್ಲಿ ಇಂಗ್ಲಿಷಿನ ಸಣಕಲು ‘ಐ’ಗೂ ದಢೂತಿ ‘ಎಂ’ಗೂ ಒಂದೇ ಅಗಲ, ಚುಕ್ಕಿಗೂ ಅಷ್ಟೇ. ವಾಕ್ಯ ಮುಗಿದದ್ದು ಕಣ್ಣಿಗೆ ಬೀಳಲಿ ಎಂದು ಎರಡು ಸ್ಪೇಸ್ ಹೊಡೆಸುತ್ತಿದ್ದರು. ಕಂಪ್ಯೂಟರಿನ ಬಹುಪಾಲು ಫಾಂಟುಗಳಲ್ಲಿ ಅಕ್ಷರಕ್ಕೆ ತಕ್ಕ ಅಗಲವಿದೆ, ಒಂದೇ ಸಾಕು. ಮೈಕ್ರೋಸಾಫ್ಟ್ ವರ್ಡ್ ಕೂಡ 2020ರಲ್ಲಿ ಇಂಗ್ಲಿಷ್ ಬರಹದ ಜೋಡಿ ಸ್ಪೇಸನ್ನು ತಪ್ಪೆಂದು ಗುರುತಿಸತೊಡಗಿತು. ಕನ್ನಡ ಬರಹದಲ್ಲಿ ಅದನ್ನು ನೆಚ್ಚಿ ಕೂರಬೇಡಿ, ನೀವೇ ಹುಡುಕಿ.

ಮೊದಲು ಕಡತದ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ. ವರ್ಡ್‌ನ ಹೋಮ್ ಪಟ್ಟಿಯಲ್ಲಿ ಕನ್ನಡಿಯೊಳಗೆ ಕಂಡ ‘ಪಿ’ಯಂತಹ ಗುರುತೊಂದಿದೆ, ಅದನ್ನು ಒತ್ತಿ. ಪ್ರತಿ ಸ್ಪೇಸೂ ಸಣ್ಣ ಚುಕ್ಕಿಯಾಗಿ ಕಾಣುತ್ತದೆ: ‘ಮಳೆ·ನಿಂತಿತು.··ಬಸ್·ಬಂತು.’ ಆ ಜೋಡಿ ಚುಕ್ಕಿಯೇ ಕಳ್ಳ.

ಹಿಡಿಯುವ ಮೊದಲು ಕಡತವನ್ನು ಕೊನೆಯವರೆಗೂ ಒಮ್ಮೆ ನೋಡಿ. ಅರ್ಜಿಯಲ್ಲಿ ‘ಸ್ಥಳ’ ಎಡಕ್ಕೆ, ‘ಸಹಿ’ ಬಲಕ್ಕೆ ಬರಲೆಂದು ಸ್ಪೇಸ್ ಬಾರನ್ನೇ ನಲವತ್ತು ಸಲ ಕುಟ್ಟುವವರಿದ್ದಾರೆ. ಹಾಗೇ ಬಿಟ್ಟರೆ ಮುಂದಿನ ಹೆಜ್ಜೆಯಲ್ಲಿ ಸಹಿ ಬಂದು ಸ್ಥಳದ ಮಗ್ಗುಲಲ್ಲೇ ಕೂರುತ್ತದೆ! ಅಲ್ಲಿನ ಸ್ಪೇಸುಗಳನ್ನು ಅಳಿಸಿ ಟ್ಯಾಬ್ ಹಾಕಿ.

ಈಗ ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ‘ಫೈಂಡ್’ ಎಂಬಲ್ಲಿ ಎರಡು ಸ್ಪೇಸ್, ‘ರಿಪ್ಲೇಸ್’ ಎಂಬಲ್ಲಿ ಒಂದು. ಎರಡೂ ಖಾಲಿಯಿದ್ದಂತೆ ಕಾಣುತ್ತವೆ, ಗಾಬರಿ ಬೇಡ. ‘ರಿಪ್ಲೇಸ್ ಆಲ್’ ಒತ್ತಿ. ಒಂದೇ ಸಲಕ್ಕೆ ಕೆಲಸ ಮುಗಿಯುವುದಿಲ್ಲ. ನಾಲ್ಕು ಸ್ಪೇಸ್ ಇದ್ದಲ್ಲಿ ಇನ್ನೂ ಎರಡು ಉಳಿದಿರುತ್ತವೆ. ಬದಲಾವಣೆ ಸೊನ್ನೆ ಎಂದು ತೋರಿಸುವವರೆಗೂ ಒತ್ತುತ್ತಿರಿ.

ನನ್ನ ಕಣ್ಣಿಗೆ ಇದಕ್ಕಿಂತ ಹೆಚ್ಚು ಚುಚ್ಚುವುದು ಚುಕ್ಕಿಯ ಹಿಂದಿನ ಸ್ಪೇಸ್. ‘ಬಂದನು .’ ಎಂದು ಟೈಪ್ ಮಾಡಿ, ಆ ಪದ ಸಾಲಿನ ತುದಿಯಲ್ಲಿ ಬಿತ್ತೆನ್ನಿ. ಚುಕ್ಕಿ ಒಂಟಿಯಾಗಿ ಮುಂದಿನ ಸಾಲಿಗೆ ಇಳಿದುಬಿಡಬಹುದು. ಸ್ಪೇಸ್ ಮತ್ತು ಚುಕ್ಕಿಯನ್ನು ಒಟ್ಟಿಗೆ ಹುಡುಕಿ, ಬರೀ ಚುಕ್ಕಿಯನ್ನು ಉಳಿಸಿ. ಅಲ್ಪವಿರಾಮಕ್ಕೂ ಪ್ರಶ್ನಾರ್ಥಕ ಚಿಹ್ನೆಗೂ ಹೀಗೆಯೇ ಮಾಡಿ.

ಹೆಸರಿನ ಮೊದಲಕ್ಷರಗಳ ಚುಕ್ಕಿ ವಾಕ್ಯ ಮುಗಿಸುವ ಚುಕ್ಕಿಯಲ್ಲ. ‘ದ.ರಾ. ಬೇಂದ್ರೆ’ ಎಂಬಲ್ಲಿ ‘ದ.ರಾ.’ ಮೇಲಿನ ಸಾಲಿನಲ್ಲೂ ‘ಬೇಂದ್ರೆ’ ಕೆಳಗಿನ ಸಾಲಿನಲ್ಲೂ ಬಿದ್ದರೆ ಓದುವವರು ಮುಗ್ಗರಿಸುತ್ತಾರೆ. ಅಲ್ಲಿ ಮಾಮೂಲಿ ಸ್ಪೇಸ್ ಬದಲು ಕಂಟ್ರೋಲ್, ಶಿಫ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ. ಅಂತರ ಉಳಿಯುತ್ತದೆ, ಹೆಸರು ಒಡೆಯುವುದಿಲ್ಲ.