ಸೋದರಮಾವ ಹತ್ತಿರದ ಸಂಬಂಧಿ ಅಲ್ಲವಂತೆ

ದಾವಣಗೆರೆಯ ಡಯಾಲಿಸಿಸ್ ಘಟಕವೊಂದರಲ್ಲಿ ನಾನು ಆಪ್ತಸಮಾಲೋಚಕಿ. ಮಷಿನ್ನಿಗೆ ಕೈಯೊಡ್ಡಿ ನಾಲ್ಕು ನಾಲ್ಕು ತಾಸು ಮಲಗುವವರ ಜೊತೆ ಮಾತಾಡುವುದು, ಕಿಡ್ನಿ ಕಸಿಗೆ ಹೊರಟವರ ಕಾಗದಪತ್ರ ಹೊಂದಿಸುವುದು ನನ್ನ ಕೆಲಸ.

ಜಗಳೂರು ಕಡೆಯ ಹುಡುಗನೊಬ್ಬನ ಫೈಲು ಕೆಡಿಸಿದ್ದು ನಾನೇ. ತಂದೆ ಇಲ್ಲ, ತಾಯಿಗೆ ಸಕ್ಕರೆ ಕಾಯಿಲೆ. "ನಾನಿಲ್ವೇನ್ರೀ, ನಂದು ತಗಳ್ರಿ" ಅಂತ ಮುಂದೆ ಬಂದವನು ಸೋದರಮಾವ. ಬ್ಲಡ್ ಗ್ರೂಪೂ ಕೂಡಿತು. ಸೋದರಮಾವನಿಗಿಂತ ಹತ್ತಿರದವರು ಇನ್ಯಾರು ಅಂದುಕೊಂಡು 'ಹತ್ತಿರದ ಸಂಬಂಧಿ' ಎಂದೇ ಬರೆದು ಬೆಂಗಳೂರಿಗೆ ಕಳಿಸಿದೆ. ಎರಡು ತಿಂಗಳಾದ ಮೇಲೆ ಫೈಲು ಹಾಗೇ ವಾಪಸ್ ಬಂತು.

ನಮ್ಮ 1994ರ ಅಂಗಾಂಗ ಕಸಿ ಕಾಯ್ದೆಯ 'ಹತ್ತಿರದ ಸಂಬಂಧಿ'ಗಳ ಪಟ್ಟಿಯಲ್ಲಿ ಗಂಡ-ಹೆಂಡತಿ, ಅಪ್ಪ-ಅಮ್ಮ, ಮಕ್ಕಳು, ಒಡಹುಟ್ಟಿದವರು ಇದ್ದಾರೆ. 2011ರ ತಿದ್ದುಪಡಿಯಲ್ಲಿ ಅಜ್ಜ-ಅಜ್ಜಿ, ಮೊಮ್ಮಕ್ಕಳು ಸೇರಿದರು. ಅಷ್ಟೇ. ಮಾವ, ಚಿಕ್ಕಪ್ಪ, ಅತ್ತೆ, ಸೊಸೆ ಯಾರೂ ಇಲ್ಲ.

ಸಿಟ್ಟು ಬಂತು. ಅಕ್ಕಪಕ್ಕದ ದೇಶದವರು ಏನು ಮಾಡಿದ್ದಾರೋ ನೋಡೋಣ ಅಂತ ರಾತ್ರಿ ಕೂತು ಓದಿದೆ. ಬಾಂಗ್ಲಾದೇಶದ 1999ರ ಕಾಯ್ದೆಯಲ್ಲಿ ಸೋದರಮಾವ ಮೊದಲಿನಿಂದಲೂ ಇದ್ದಾನೆ! 2018ರಲ್ಲಿ ಅವರು ಪಟ್ಟಿಯನ್ನು ಇನ್ನೂ ಹಿಗ್ಗಿಸಿದರು. ಆದರೆ ಮಿದುಳು ಸತ್ತವರ ಕಿಡ್ನಿ ತೆಗೆದು ಕಸಿ ಮಾಡುವುದು ಅಲ್ಲಿ ಶುರುವಾದದ್ದು 2023ರ ಜನವರಿಯಲ್ಲಿ, ಢಾಕಾದಲ್ಲಿ. ಅಲ್ಲಿಯವರೆಗೆ ಮನೆಯವರೇ ಗತಿ. ನೇಪಾಳ 2016ರಲ್ಲಿ ಕಾನೂನು ತಿದ್ದಿ, ಮರುವರ್ಷ ಭಕ್ತಪುರದಲ್ಲಿ ಆ ಕಸಿ ಮಾಡಿತು.

ನೇಪಾಳದ ಇನ್ನೊಂದು ಸಂಗತಿ ಓದಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಕಾವ್ರೆ ಜಿಲ್ಲೆಯ ಹೊಕ್ಸೆ ಎಂಬ ಊರಿಗೆ 'ಕಿಡ್ನಿ ಊರು' ಎಂದೇ ಹೆಸರು ಬಿದ್ದಿತ್ತು. ದಲ್ಲಾಳಿಗಳು ಅಲ್ಲಿನ ಬಡವರನ್ನು ಭಾರತಕ್ಕೆ ಕರೆತಂದು, ಸುಳ್ಳು ಸಂಬಂಧ ಕಟ್ಟಿ ಕಿಡ್ನಿ ತೆಗೆಸುತ್ತಿದ್ದರು. ಅಂದಮೇಲೆ 'ಮಾವ' ಅಂದವರನ್ನೆಲ್ಲ ನಂಬು ಅಂದರೆ ಕಸಿಗೆ ಅನುಮತಿ ಕೊಡುವ ಸಮಿತಿಯವರಾದರೂ ಹೇಗೆ ನಂಬಿಯಾರು?

ಪಟ್ಟಿಯಲ್ಲಿಲ್ಲದವರಿಗೆ ನಮ್ಮಲ್ಲಿ ಬಾಗಿಲು ಮುಚ್ಚಿಲ್ಲ. ಪ್ರೀತಿ, ಮಮತೆಯಿಂದ ಕೊಡುತ್ತಿದ್ದೇನೆಂದು ಅನುಮತಿ ಸಮಿತಿಗೆ ಮನವರಿಕೆ ಮಾಡಿಕೊಡಬೇಕು. ಮಮತೆಗೆ ಪುರಾವೆ ಎಲ್ಲಿಂದ ತರುವುದು? ಹುಡುಗನ ವಂಶವೃಕ್ಷದಲ್ಲಿ ತಾಯಿಯ ತವರು ಬರುವುದಿಲ್ಲ, ಹಾಗಾಗಿ ನಾಡಕಚೇರಿಗೆ ಅಲೆದು ಅಜ್ಜನ ಮನೆಯ ವಂಶವೃಕ್ಷ ಬೇರೆ ಮಾಡಿಸಿದೆವು. ಮೂರು ವರ್ಷದ ಆದಾಯಕ್ಕೆ ಪಹಣಿ, ಮೆಕ್ಕೆಜೋಳ ಮಾರಿದ ಎಪಿಎಂಸಿ ಚೀಟಿ. ಮಾವನ ಹೆಂಡತಿಯನ್ನೂ ಕೇಳುತ್ತಾರೆ, ಆಕೆಗೆ ಮೊದಲೇ ಎಲ್ಲ ತಿಳಿಸಿ ಹೇಳಿದೆ. ಪುಣ್ಯಾತ್ಗಿತ್ತಿ, ಒಂದೇ ಮಾತು: "ಒಂದು ಕಿಡ್ನ್ಯಾಗ ಹೊಲ ಗೇಯಾಕ ಆಗ್ತತಿ ತಾನೆ?"

ಕೊನೆಗೆ ತಾಯಿ ಟ್ರಂಕಿನಿಂದ ಒಂದು ಫೋಟೊ ತೆಗೆದಳು. ನಾಯಕನಹಟ್ಟಿಯಲ್ಲಿ ಜವಳ ತೆಗೆಸಿದ ದಿನದ್ದು. ಮೂಲೆಯೆಲ್ಲ ಗೆದ್ದಲು ತಿಂದಿದೆ. ಮಾವನ ತೊಡೆಯ ಮೇಲೆ ಮಗು ಬಾಯಿಬಿಟ್ಟು ಅಳುತ್ತಿದೆ, ಮಾವನ ಕೈಯಲ್ಲಿ ಕತ್ತರಿ.

ಕಾಯುವಾಗ ಹುಡುಗನ ಗೆಳೆಯನೊಬ್ಬ ಮೆಲ್ಲಗೆ ಕೇಳಿದ, "ಮೇಡಂ, ಶ್ರೀಲಂಕಾದಾಗ ರೊಕ್ಕ ಕೊಟ್ರೆ ಸಿಗ್ತತಂತಲ್ರೀ?" ಭಾರತದವರ ಜಾಲವೊಂದು ಬಯಲಾದ ಮೇಲೆ 2016ರಲ್ಲಿ ಅವರು ಹೊರದೇಶದವರಿಗೆ ಕಸಿ ಮಾಡುವುದನ್ನೇ ನಿಲ್ಲಿಸಿದ್ದರು ಅಂದೆ. ನಮ್ಮಲ್ಲಿ ಕೊಂಡರೆ ಐದರಿಂದ ಹತ್ತು ವರ್ಷ ಜೈಲು, ಇಪ್ಪತ್ತು ಲಕ್ಷದಿಂದ ಒಂದು ಕೋಟಿ ದಂಡ ಎಂದೂ ಹೇಳಿದೆ. ಶ್ರೀಲಂಕಾದಿಂದ ಕಲಿಯುವುದಾದರೆ ಕಣ್ಣುದಾನ ಕಲಿಯಲಿ. ಸತ್ತವರ ಕಣ್ಣನ್ನು ಪಾಕಿಸ್ತಾನಕ್ಕೂ ಕಳಿಸಿಕೊಟ್ಟ ಜನ ಅವರು.

ಸಮಿತಿಯಲ್ಲಿ ಮಾವ-ಅಳಿಯನನ್ನು ಬೇರೆ ಬೇರೆ ಕೂರಿಸಿ, ವಿಡಿಯೊ ಇಟ್ಟು ಕೇಳಿದರಂತೆ. ಫೋಟೊ ಕೈಯಿಂದ ಕೈಗೆ ಹೋಯಿತಂತೆ. ಅನುಮತಿ ಸಿಕ್ಕಿತು.

ಈಗ ದಾನಿ ಅಂತ ಯಾರೇ ಬರಲಿ, "ಏನಾಗಬೇಕು ಇವರಿಗೆ?" ಎಂದು ಕೇಳಿ, ಪಟ್ಟಿಯಲ್ಲಿ ಬೆರಳಿಟ್ಟು ನೋಡಿ, ಆಮೇಲೆ ಬ್ಲಡ್ ಗ್ರೂಪಿಗೆ ಕಳಿಸುತ್ತೇನೆ. ದಾನಿ ಸಿಗುವ ಭರವಸೆ ಇದ್ದರೂ, ಮಿದುಳು ಸತ್ತವರ ಅಂಗಾಂಗ ಹಂಚುವ ನಮ್ಮ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಲು ಹೇಳುತ್ತೇನೆ. ಹುಡುಗ ಈಗ ತಪಾಸಣೆಗೆ ಮಾತ್ರ ಬರುತ್ತಾನೆ. ಮೊನ್ನೆ ಮಾವನೂ ಬಂದಿದ್ದ, ಆ ಫೋಟೊ ವಾಪಸ್ ಕೇಳಲು.